ಸಣ್ಣ ಕೈ, ಡಬಲ್ ಬಾಸ್: ಎಡಗೈ ಬಗ್ಗೆ ಕೇಳಿ

ಡಬಲ್ ಬಾಸ್ (ನಿಲ್ಲಿಸಿ ನುಡಿಸುವ, ದೊಡ್ಡ ಪಿಟೀಲಿನಂಥ ವಾದ್ಯ) ಶಿಕ್ಷಕಿಯೊಬ್ಬರು ಇವತ್ತು ಸಂಜೆವರೆಗೆ ಗುಂಪಿನಲ್ಲಿ ಉತ್ತರಿಸುತ್ತಾರೆ. ಪ್ರಶ್ನೆ ಚಿಕ್ಕದಾಗಿರಲಿ.

ಹೊಸ ಸದಸ್ಯೆ: ಮೇಡಂ, ಹಾಫ್ ಪೊಸಿಷನ್‌ನಲ್ಲಿ (ವಾದ್ಯದ ಕತ್ತಿನ, ಅಂದರೆ ನೆಕ್ಕಿನ, ತೀರಾ ಮೇಲ್ತುದಿಯಲ್ಲಿ) ತೋರುಬೆರಳು ಇಟ್ಟರೆ ಕಿರುಬೆರಳು ಎಟುಕುವುದಿಲ್ಲ. ಬಾಸ್ ಬಿಟ್ಟುಬಿಡಲಾ?

ಶಿಕ್ಷಕಿ: ಯಾಕೆ ಬಿಡ್ತೀರಿ? ಎಲ್ಲರೂ ಸಾಮಾನ್ಯವಾಗಿ ನುಡಿಸುವ ತ್ರೀ ಕ್ವಾರ್ಟರ್ ಸೈಜ್ ಬಾಸ್‌ನ ತಂತಿ ಸುಮಾರು 105 ಸೆಂ.ಮೀ. ಅಲ್ಲಿ ಈ ಎರಡು ಬೆರಳ ನಡುವೆ ಹೆಚ್ಚುಕಡಿಮೆ 11 ಸೆಂ.ಮೀ. ಬೇಕು. ದೊಡ್ಡ ಕೈಯವರೂ ಒದ್ದಾಡುತ್ತಾರೆ. ಅದಕ್ಕೇ ಸಿಮಾಂಡ್ಲ್ ಎಂಬ ಬಾಸ್ ಗುರುವಿನ ಹಳೆಯ ಪದ್ಧತಿಯಲ್ಲಿ 1-2-4 ಬೆರಳು (ತೋರು, ನಡು, ಕಿರು), ಉಂಗುರಬೆರಳು ಕಿರುಬೆರಳಿಗೆ ಆಸರೆ. ಆದರೂ ಎಟುಕದಿದ್ದರೆ ಎಳೆಯಬೇಡಿ, ಪಿವಟ್ ಮಾಡಿ. ಹೆಬ್ಬೆರಳು ನೆಕ್ ಹಿಂದೆ ಅಲ್ಲೇ ಇರಲಿ. ತೋರುಬೆರಳನ್ನು ಬಿಟ್ಟು, ಇಡೀ ಕೈಯನ್ನು ಕಿರುಬೆರಳ ಕಡೆ ವಾಲಿಸಿ.

ಸದಸ್ಯ 2: ಹಾಫ್ ಸೈಜ್ ಬಾಸ್ ತಗೊಳ್ಳಲಾ?

ಶಿಕ್ಷಕಿ: ನುಡಿಸಿ ನೋಡಿ ತಗೊಳ್ಳಿ. ಸೈಜಿನ ಹೆಸರು ನಂಬಬೇಡಿ, ತಂತಿಯ ಉದ್ದ ಅಳೆಯಿರಿ.

ಸದಸ್ಯ 3: ಫಾರ್ವರ್ಡ್ ಬಂದಿದೆ: ರಾತ್ರಿ ಬೆರಳ ಸಂದಿಗೆ ಕಾರ್ಕ್ ಸಿಕ್ಕಿಸಿಕೊಂಡು ಮಲಗಿದರೆ ತಿಂಗಳಲ್ಲಿ ಕೈ ಅಗಲ ಆಗುತ್ತದಂತೆ. ಹೌದಾ?

ಶಿಕ್ಷಕಿ: ಮಾಡಬೇಡಿ. ಮೂಳೆ ಬೆಳೆಯುವುದಿಲ್ಲ. ಕೀಲು ನೋಯುತ್ತದೆ.

ಕಾಲೇಜು ವಿದ್ಯಾರ್ಥಿ: ಮೇಡಂ, ಒಂದು ಗಂಟೆ ನುಡಿಸಿದರೆ ಎಡಗೈ ಉಂಗುರಬೆರಳು, ಕಿರುಬೆರಳು ಜೋಮು ಹಿಡಿಯುತ್ತವೆ. ಹೆಬ್ಬೆರಳ ಬುಡವೂ ನೋವು. ಮುಂದಿನ ತಿಂಗಳು ಪರೀಕ್ಷೆ. ಅಭ್ಯಾಸ ಜಾಸ್ತಿ ಮಾಡಿದರೆ ಸರಿಹೋಗುತ್ತದಾ?

ಶಿಕ್ಷಕಿ: ಇಲ್ಲ ಮಗು. ಇವತ್ತು ಬಾಸ್ ನುಡಿಸಬೇಡ. ಆ ಎರಡು ಬೆರಳ ನರ ಮೊಣಕೈ ಹಿಂದೆ ಹಾದುಹೋಗುತ್ತದೆ. ಕೈ ಮಡಚಿಕೊಂಡೇ ತುಂಬಾ ಹೊತ್ತು ಇದ್ದರೆ ಅದು ಎಳೆಯುತ್ತದೆ. ನಿನ್ನದು ಅದೇನಾ ಅಂತ ಡಾಕ್ಟರೇ ನೋಡಿ ಹೇಳಬೇಕು. ಮೊದಲು ಅವರ ಹತ್ತಿರ ಹೋಗು, ಪರೀಕ್ಷೆ ಆಮೇಲೆ.

ಅವರು ನುಡಿಸಬಹುದು ಅಂದ ಮೇಲೆ ಹೆಬ್ಬೆರಳನ್ನು ನೆಕ್‌ನಿಂದ ಪೂರ್ತಿ ತೆಗೆದು ಒಂದು ಸ್ವರ ಒತ್ತಿ ನೋಡು. ಬಾಸ್ ಮೈಗೆ ಒರಗಿರುತ್ತದೆ, ತೋಳಿನ ಭಾರ ಹಿಂದಕ್ಕೆ ಜಗ್ಗಿದರೆ ತಂತಿ ಕೂರುತ್ತದೆ. ಕೂರದಿದ್ದರೆ ಇಷ್ಟು ದಿನ ನೀನು ಚಿಮಟದ ಹಾಗೆ ಹಿಸುಕುತ್ತಿದ್ದೆ ಅಂತ ಅರ್ಥ. ಹೆಬ್ಬೆರಳ ನೋವಿಗೆ ಬಹುಶಃ ಅದೇ ಕಾರಣ.

ಇನ್ನೊಂದು, ನಟ್ (ನೆಕ್ ಮೇಲ್ತುದಿಯಲ್ಲಿ ತಂತಿ ಕೂರುವ ಪಟ್ಟಿ) ಹತ್ತಿರ ತಂತಿ ಕೆಳಗೆ ಒಂದು ವಿಸಿಟಿಂಗ್ ಕಾರ್ಡ್ ತೂರಿಸು. ಬಿಗಿಯಾಗಿ ಹೋಗಬೇಕು. ಸಡಿಲವಾಗಿ ಜಾರಿದರೆ ನಟ್ ಎತ್ತರ ಇದೆ, ಪ್ರತಿ ಸ್ವರಕ್ಕೂ ನೀನು ಸುಮ್ನೆ ಜಾಸ್ತಿ ಒತ್ತುತ್ತಿದ್ದೀಯ. ಸಣ್ಣ ಕೈಯವರಿಗೆ ಇದನ್ನು ಯಾರೂ ಹೇಳುವುದೇ ಇಲ್ಲ. ಬೆರಳು ಗಿಡ್ಡ ಅಂತ ಬೈಯುತ್ತಾರೆ, ವಾದ್ಯ ನೋಡುವುದಿಲ್ಲ.

ಬಾಸ್ ಗಿಟಾರಿನವರು: ಇಷ್ಟೆಲ್ಲಾ ಯಾಕೆ? ನಾಲ್ಕೂ ಬೆರಳು, ಬೆರಳಿಗೊಂದು ಸ್ವರ. ನಾನು ಹಾಗೇ ನುಡಿಸುವುದು.

ಹಿರಿಯ ಸದಸ್ಯ: ನಿಮ್ಮ ಗಿಟಾರಿನ ತಂತಿ 86 ಸೆಂ.ಮೀ. ಇಲ್ಲಿ ಆ ಲೆಕ್ಕ ನಡೆಯಲ್ಲ.

ಬಾಸ್ ಗಿಟಾರಿನವರು: ಡಬಲ್ ಬಾಸಿನಲ್ಲೂ ನಾಲ್ಕು ಬೆರಳಲ್ಲಿ ನುಡಿಸುವವರಿದ್ದಾರೆ ಸರ್. ಸಿಮಾಂಡ್ಲ್ ಸತ್ತಿದ್ದು 1912ರಲ್ಲಿ. ಇನ್ನೂ ಅಲ್ಲೇ ಇದ್ದೀರಾ?

ಸದಸ್ಯೆ 6: ಬಾಸ್ ವಾದಕ ರಬ್ಬಾತ್ ಅವರ ಪದ್ಧತಿ ಕಲಿಯಿರಿ ಇಬ್ಬರೂ. ಇಡೀ ಫಿಂಗರ್‌ಬೋರ್ಡಿಗೆ ಆರೇ ಪೊಸಿಷನ್, ಪಿವಟ್ಟೇ ಜೀವಾಳ.

ಹಿರಿಯ ಸದಸ್ಯ: ಮೂರು ವಿಡಿಯೋ ನೋಡಿ ಪಂಡಿತರಾಗಬೇಡಿ.

ಸದಸ್ಯೆ 6: ಮಾತು ನೋಡಿಕೊಂಡು ಆಡಿ ಸರ್.

ಸದಸ್ಯ 7: ಗಟ್ ತಂತಿ (ಪ್ರಾಣಿಯ ಕರುಳಿನದು) ಬೆರಳಿಗೆ ಮೆತ್ತಗಿರುತ್ತದಾ ಮೇಡಂ?

ಸದಸ್ಯ 8: ಹಾಫ್ ಸೈಜ್ ತಗೊಳ್ಳಬಹುದಾ?

ಶಿಕ್ಷಕಿ: ಮೇಲೆ ಹೇಳಿದ್ದೇನೆ. ಓದಿ.

ಜಗಳ ಆಡುವವರಿಗೆ: ನೆಕ್ ಕೆಳಭಾಗಕ್ಕೆ ಬಂದಂತೆ ಸ್ವರಗಳ ಅಂತರ ಕಿರಿದಾಗುತ್ತದೆ, ಅಷ್ಟಮಸ್ವರದ (ತಂತಿಯ ನಟ್ಟನಡುವಿನ) ಹತ್ತಿರ ಅರ್ಧಕ್ಕರ್ಧ. ಅಲ್ಲಿ ನಾಲ್ಕು ಬೆರಳು ಸಾಧ್ಯ. ಮೇಲೆ ನಟ್ ಹತ್ತಿರ ಸಣ್ಣ ಕೈಗೆ ಅದನ್ನು ಹೇಳಿಕೊಟ್ಟರೆ ನರ ಕೆಡಿಸುತ್ತೀರಿ. ಸಾಕು.

ಸದಸ್ಯ 3: ರಬ್ಬರ್ ಚೆಂಡು ಹಿಸುಕಿದರೆ ಬಲ ಬರುತ್ತದೆ ಅಂತ ಇನ್ನೊಂದು…

ಶಿಕ್ಷಕಿ: ದಯವಿಟ್ಟು ಫಾರ್ವರ್ಡ್ ನಿಲ್ಲಿಸಿ. ಹಿಸುಕುವುದನ್ನು ಬಿಡಿಸಲು ನಾನು ಒದ್ದಾಡುತ್ತಿದ್ದೇನೆ, ನೀವು ಅದನ್ನೇ ಕಲಿಸುತ್ತಿದ್ದೀರಿ.

ಕಾಲೇಜು ವಿದ್ಯಾರ್ಥಿ: ನೋಡಿದೆ ಮೇಡಂ. ಎರಡು ಕಾರ್ಡ್ ಸಲೀಸಾಗಿ ಹೋಗುತ್ತವೆ.

ಶಿಕ್ಷಕಿ: ಹಾಗಾದರೆ ನಟ್ ಎತ್ತರವೇ. ರಿಪೇರಿಯವರಿಗೆ ತೋರಿಸು, ನೀನೇ ಅರ ಹಾಕಬೇಡ. ಜಾಸ್ತಿ ತಗ್ಗಿದರೆ ತಂತಿ ಬಡಿಯುತ್ತದೆ. ಡಾಕ್ಟರ ಹತ್ತಿರ ಯಾವಾಗ ಹೋಗುತ್ತೀಯ?