ಅಪ್‌ಡೇಟ್: ಮಲ್ಪೆ ಬಂದರಿನಲ್ಲಿ ಹಕ್ಕಿ ನೋಡಿ ಬಂದೆವು

ಯುಗಾದಿ ರಜೆಗೆ ಹಾಸನದಿಂದ ಉಡುಪಿಗೆ ಹೋಗ್ತಿದ್ದೀವಿ, ಅಮ್ಮನಿಗೆ ಜಾಸ್ತಿ ನಡೆಯೋಕಾಗಲ್ಲ, ಮಲ್ಪೆ ಬಂದರಿನ ಹತ್ತಿರ ಸ್ವಲ್ಪ ಸುತ್ತಾಡಿದರೆ ಹಕ್ಕಿ ಸಿಗುತ್ತಾ ಅಂತ ಕೇಳಿದ್ದೆ. ಬೆಳಿಗ್ಗೆ ಬೋಟಿನಿಂದ ಮೀನು ಇಳಿಸೋ ಹೊತ್ತಿಗೇ ಹೋಗಿ ಅಂದಿದ್ರಿ. ಆ ಮಾತು ನೂರಕ್ಕೆ ನೂರು ನಿಜ.

ಗರುಡಗಳು ತಲೆ ಮೇಲೇ ಸುತ್ತುತ್ತಿದ್ದವು. ಒಂದು ನೀರಿಗಿಳಿದು, ಮೀನನ್ನು ಕಾಲಲ್ಲಿ ಹಿಡಿದು, ಹಾರುತ್ತಲೇ ಬಗ್ಗಿ ತಿಂದಿತು! ಅಮ್ಮ ಕೈ ಮುಗಿದೇ ನೋಡಿದರು.

ನನಗೆ ಹೆಚ್ಚು ಖುಷಿ ಕೊಟ್ಟದ್ದು ಕಂದುತಲೆ ಕಡಲಹಕ್ಕಿಗಳು. ಚಳಿಗಾಲದಲ್ಲಿ ಇವಕ್ಕೆ ಬಿಳಿ ತಲೆ, ಕಣ್ಣಿನ ಹಿಂದೆ ಒಂದು ಕಪ್ಪು ಚುಕ್ಕೆ ಅಷ್ಟೇ. ಈಗ ಕೆಲವಕ್ಕೆ ತಲೆ ಪೂರ್ತಿ ಕಾಫಿ ಕಂದು, ಕೆಲವಕ್ಕೆ ಇನ್ನೂ ಅರೆಬರೆ. ಲಡಾಖ್, ಟಿಬೆಟ್ ಕಡೆಯ ಎತ್ತರದ ಸರೋವರಗಳಲ್ಲಿ ಮರಿ ಮಾಡೋ ಹಕ್ಕಿಗಳು ಹೊರಡೋ ಮೊದಲು ಬಣ್ಣ ಬದಲಿಸ್ತಿರೋದನ್ನ ಇಷ್ಟು ಹತ್ತಿರದಿಂದ ನೋಡೋದು ದೊಡ್ಡ ಭಾಗ್ಯ.

ಕಲ್ಲಿನ ಮೇಲೆ ಬೂದುಗಪ್ಪು ಬಕ ಒಂದಿತ್ತು: ಗಂಟಲು ಬಿಳಿ, ಪಾದ ಹಳದಿ. ವೆಸ್ಟರ್ನ್ ರೀಫ್ ಹೆರಾನ್. ಕರಾವಳಿಯ ಹಕ್ಕಿ ಇದು, ನಮ್ಮೂರ ಕೆರೆಗಳಲ್ಲಿ ನಾನಂತೂ ನೋಡಿಲ್ಲ.

ಚಿಕ್ಕಮಗಳೂರಿನಿಂದ ಹೋಗ್ತೀನಿ ಅಂದಿದ್ದವರೇ, ಮೇ ತನಕ ಕಾಯಬೇಡಿ, ವಲಸೆ ಹಕ್ಕಿಗಳು ಅಷ್ಟರಲ್ಲಿ ಬಹುಪಾಲು ಹೋಗಿರುತ್ತವೆ. ಮೀನಿನ ನೀರಿಗೆ ನೆಲ ಜಾರುತ್ತೆ, ಹಿಡಿತ ಇರೋ ಚಪ್ಪಲಿ ಹಾಕ್ಕೊಳ್ಳಿ. ಮೀನು ಹೊರುವವರ ದಾರಿಗೆ ಅಡ್ಡ ನಿಲ್ಲಬೇಡಿ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.