ಪಾರ್ಕ್ ಲೈಟ್ ಹಾಕಿದರೆ 10 ಆಂಪ್ ಫ್ಯೂಸ್ ಹೋಗುತ್ತಿದೆ

ಪ್ರಶ್ನೆ
ಹತ್ತು ವರ್ಷ ಹಳೆಯ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಪಾರ್ಕ್ ಲೈಟ್ ಸ್ವಿಚ್ ತಿರುಗಿಸಿದರೆ ಟೇಲ್ ಸರ್ಕ್ಯೂಟಿನ ಕೆಂಪು 10 ಆಂಪ್ ಫ್ಯೂಸ್ ಒಮ್ಮೆ ತಕ್ಷಣ ಹೋಗುತ್ತದೆ, ಇನ್ನೊಮ್ಮೆ ಎರಡು ದಿನ ತಡೆದು ಹೋಗುತ್ತದೆ. ಆಗ ಟೇಲ್ ಲೈಟು, ನಂಬರ್ ಪ್ಲೇಟ್ ಲೈಟು, ಮೀಟರಿನ ಬೆಳಕು ಎಲ್ಲ ಒಟ್ಟಿಗೆ ಬಂದ್. ಹೆಡ್‌ಲೈಟ್, ಬ್ರೇಕ್ ಲೈಟ್ ಸರಿಯಿವೆ. ಇಲ್ಲಿಗೆ ನಾಲ್ಕು ಫ್ಯೂಸ್ ಆಯಿತು. 15 ಆಂಪಿನದು ಹಾಕಿ ನೋಡಲೇ? ಮಲ್ಟಿಮೀಟರ್ ಇದೆ.

ಉತ್ತರ 1
15 ಬೇಡವೇ ಬೇಡ ಸರ್. ಫ್ಯೂಸ್ ಕಾಯುವುದು ಬಲ್ಬನ್ನಲ್ಲ, ವೈರನ್ನು. ದೊಡ್ಡದು ಹಾಕಿದರೆ ಸುಡುವ ಸರದಿ ಕಾರ್ಪೆಟ್ ಕೆಳಗಿನ ವೈರಿನದು.

ಲೆಕ್ಕ ನೋಡಿ: ನಾಲ್ಕು ಮೂಲೆಯ 5 ವ್ಯಾಟ್ ಬಲ್ಬು, ನಂಬರ್ ಪ್ಲೇಟಿನ ಎರಡು, ಮೀಟರಿನ ಬೆಳಕು, ಎಲ್ಲ ಸೇರಿ 40 ವ್ಯಾಟ್ ಹಿಡಿದರೂ 3.5 ಆಂಪ್ ಆಗುವುದಿಲ್ಲ. ಹಾಗಿದ್ದೂ 10 ಆಂಪ್ ಹೋಗುತ್ತಿದೆ ಎಂದರೆ ಎಲ್ಲೋ ಪಾಸಿಟಿವ್ ವೈರ್ ಕಾರಿನ ಲೋಹದ ಬಾಡಿಗೆ ತಾಗುತ್ತಿದೆ. ಹೋದ ಫ್ಯೂಸನ್ನು ಬೆಳಕಿಗೆ ಹಿಡಿಯಿರಿ. ಒಳಗೋಡೆಗೆ ಕಪ್ಪು ಮಸಿ, ಲೋಹದ ಸಣ್ಣ ಹನಿ ಸಿಡಿದಿದ್ದರೆ ನೇರ ಶಾರ್ಟ್. ತಂತಿ ಕೆಡದೆ ಕಾಲಿನ ಹತ್ತಿರ ಪ್ಲಾಸ್ಟಿಕ್ ಮಾತ್ರ ಕರಗಿದ್ದರೆ ತೊಂದರೆ ಬೇರೆ: ಫ್ಯೂಸ್ ಬಾಕ್ಸಿನ ಕ್ಲಿಪ್ ಸಡಿಲ.

ಇನ್ನು ಫ್ಯೂಸ್ ಸುಡುತ್ತಾ ಕೂರಬೇಡಿ. 12 ವೋಲ್ಟ್ 21 ವ್ಯಾಟಿನ ಇಂಡಿಕೇಟರ್ ಬಲ್ಬು, ಹೋಲ್ಡರ್ ತನ್ನಿ. ಹೋಲ್ಡರಿನ ಎರಡು ವೈರ್ ತುದಿಗೆ ಸುಟ್ಟ ಫ್ಯೂಸಿನ ಕಾಲುಗಳನ್ನೇ ಬೆಸುಗೆ ಹಾಕಿ, ಫ್ಯೂಸ್ ಜಾಗಕ್ಕೆ ಚುಚ್ಚಿ. ಪೂರ್ತಿ ಶಾರ್ಟ್ ಆದರೂ ಈ ಬಲ್ಬಿನ ಮೂಲಕ ಹರಿಯುವುದು ಸುಮಾರು 2 ಆಂಪ್ ಅಷ್ಟೇ. ಅದಕ್ಕೂ ಮೊದಲು ಟೇಲ್, ಪಾರ್ಕ್, ನಂಬರ್ ಪ್ಲೇಟ್ ಬಲ್ಬುಗಳನ್ನೆಲ್ಲ ಬಿಚ್ಚಿಡಲೇಬೇಕು. ಬಿಚ್ಚದಿದ್ದರೆ ಅವುಗಳ ಕರೆಂಟಿಗೇ ಟೆಸ್ಟ್ ಬಲ್ಬು ಉರಿದು ದಾರಿ ತಪ್ಪಿಸುತ್ತದೆ. ಬಿಚ್ಚಿದ ಮೇಲೂ ಪಾರ್ಕ್ ಲೈಟ್ ಸ್ವಿಚ್ ಹಾಕಿದಾಗ ಪೂರ್ತಿ ಉರಿದರೆ ಶಾರ್ಟ್ ಈಗಲೂ ಇದೆ. ಒಂದೊಂದೇ ಕನೆಕ್ಟರ್ ಕಳಚುತ್ತಾ, ವೈರ್ ಅಲ್ಲಾಡಿಸುತ್ತಾ ಹೋಗಿ. ಯಾವಾಗ ಬಲ್ಬು ಮಂಕಾಗುತ್ತದೋ ಅಲ್ಲೇ ಕಳ್ಳ. ಬಲ್ಬು ಕೈ ಸುಡುವಷ್ಟು ಬಿಸಿಯಾಗುತ್ತದೆ, ಸೀಟಿನ ಮೇಲೆ ಇಡಬೇಡಿ.

ಉತ್ತರ 2
ಹುಡುಕಾಟ ಡಿಕ್ಕಿಯಿಂದ ಶುರುವಾಗಲಿ. ಬಾಗಿಲಿನ ಕೀಲಿನ ಪಕ್ಕದ ರಬ್ಬರ್ ಕೊಳವೆಯನ್ನು ಎರಡೂ ಕಡೆ ಬಿಚ್ಚಿ ಸರಿಸಿ. ನಂಬರ್ ಪ್ಲೇಟ್ ಲೈಟಿನ ವೈರ್ ಅದರೊಳಗೇ ಬರುತ್ತದೆ, ತೆರೆದು ಮುಚ್ಚಿದಾಗಲೆಲ್ಲ ಒಂದೇ ಜಾಗದಲ್ಲಿ ಮಡಚುತ್ತದೆ. ಕೆಲವೊಮ್ಮೆ ಮಾತ್ರ ಫ್ಯೂಸ್ ಹೋಗುವುದಕ್ಕೆ ಇದು ಸರಿಯಾಗಿ ಹೊಂದುತ್ತದೆ. ಹೊರಗಿನಿಂದ ಸ್ಟೀರಿಯೊ ಹಾಕಿಸಿದ್ದರೆ ಅದರ ಇಲ್ಯುಮಿನೇಶನ್ ವೈರನ್ನೂ (ಪಾರ್ಕ್ ಲೈಟ್ ಜೊತೆ ಸ್ಟೀರಿಯೊ ಬೆಳಕಿಗೆ ಹೋಗುವ ವೈರ್) ನೋಡಿ. ಸಾಮಾನ್ಯವಾಗಿ ಕಿತ್ತಳೆ ಬಣ್ಣದ ಮೇಲೆ ಬಿಳಿ ಗೆರೆ. ಟೇಪ್ ಬಿಚ್ಚಿಕೊಂಡು ಸ್ಟೀರಿಯೊ ಹಿಂದಿನ ಕಬ್ಬಿಣದ ಪಟ್ಟಿಗೆ ತಾಗಿರಬಹುದು. ಇಲಿ ಕಾಟ ಇರುವ ಕಡೆ ಎಂಜಿನ್ ಬೇಯ ವೈರುಗಳನ್ನೂ ಬಿಡಬೇಡಿ.

ಪ್ರಶ್ನೆ ಕೇಳಿದವರು
ಬಲ್ಬು ಹಾಕಿದೆ. ಡಿಕ್ಕಿ ಮುಚ್ಚಿದ್ದಾಗ ಉರಿಯುತ್ತದೆ, ಅರ್ಧ ಎತ್ತಿದರೆ ಆರುತ್ತದೆ. ಕೊಳವೆಯೊಳಗೆ ಒಂದು ವೈರಿನ ಹೊದಿಕೆ ಸುತ್ತಲೂ ಒಡೆದು ತಾಮ್ರ ಕಾಣುತ್ತಿದೆ, ಪಕ್ಕದ ಕಪ್ಪು ಅರ್ತ್ ವೈರೂ ಸುಲಿದಿದೆ. ಟೇಪ್ ಸುತ್ತಿದರೆ ಸಾಕೇ?

ಉತ್ತರ 2
ಸಾಲದು. ಆ ಮಡಿಕೆಯಲ್ಲಿ ಟೇಪ್ ಬೇಗ ಜಾರುತ್ತದೆ. ಬ್ಯಾಟರಿ ನೆಗೆಟಿವ್ ಬಿಚ್ಚಿ. ಕೆಟ್ಟ ಭಾಗದಿಂದ ಎರಡೂ ಕಡೆ ಒಂದೊಂದು ಗೇಣು ಬಿಟ್ಟು ಕತ್ತರಿಸಿ, ಅಷ್ಟೇ ದಪ್ಪದ ಮೆತ್ತನೆಯ ಹೊಸ ವೈರನ್ನು 2-3 ಸೆಂ.ಮೀ. ಉದ್ದ ಹೆಚ್ಚಿಟ್ಟು ಜೋಡಿಸಿ. ಬೆಸುಗೆಯ ಜಾಗ ಮಡಚುವ ಕಡೆ ಬರಲೇಕೂಡದು, ಬೆಸುಗೆ ಹಾಕಿದ ವೈರ್ ಗಡುಸಾಗಿ ಅಂಚಿನಲ್ಲಿ ಮುರಿಯುತ್ತದೆ. ಹೀಟ್ ಶ್ರಿಂಕ್ ಸ್ಲೀವನ್ನು (ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಕೊಳವೆ) ಜೋಡಿಸುವ ಮೊದಲೇ ವೈರಿಗೆ ಪೋಣಿಸಿ. ಅರ್ತ್ ವೈರನ್ನೂ ಹೀಗೇ ಬದಲಿಸಿ. ಆಮೇಲೆ ಬ್ಯಾಟರಿ ಮತ್ತೆ ಜೋಡಿಸಿ, ಟೆಸ್ಟ್ ಬಲ್ಬು ಇಟ್ಟುಕೊಂಡೇ ಇಪ್ಪತ್ತು ಸಲ ಡಿಕ್ಕಿ ತೆಗೆದು ಮುಚ್ಚಿ. ಒಮ್ಮೆಯೂ ಉರಿಯದಿದ್ದರೆ ಬಲ್ಬುಗಳನ್ನು ಮತ್ತೆ ಕೂರಿಸಿ, ಹೊಸ ಕೆಂಪು 10 ಹಾಕಿ.