ಅಪ್‌ಡೇಟ್: ನಾವಿಲ್ಲದ ದಿನಗಳ ಸಂಬಳದ ಬಗ್ಗೆ ಕೇಳಿದ್ದೆ

ಪ್ರವಾಸಕ್ಕೆಂದು ನಾವು ಮನೆಗೆ ಬೀಗ ಹಾಕಿದ್ದ ಹತ್ತು ದಿನಗಳ ಸಂಬಳವನ್ನು ಮನೆಗೆಲಸದವರಿಗೆ ಕೊಡಬೇಕೇ ಎಂದು ಕಳೆದ ತಿಂಗಳು ಕೇಳಿದ್ದೆ. ಕೆಲಸ ಬೇಡವೆಂದದ್ದು ನೀವೇ ಹೊರತು ಅವರಲ್ಲವಲ್ಲ ಎಂದು ಒಬ್ಬರು ಕೊಟ್ಟ ಉತ್ತರ ನನ್ನನ್ನು ನಾಚುವಂತೆ ಮಾಡಿತು.

ಪೂರ್ತಿ ಸಂಬಳ ಕೊಟ್ಟೆ. ವಿಷಯ ಅಷ್ಟಕ್ಕೇ ಮುಗಿಯಲಿಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2011ರಲ್ಲಿ ಅಂಗೀಕರಿಸಿದ 189ನೇ ಒಡಂಬಡಿಕೆಯನ್ನು ಓದಿದಾಗ, ಕೆಲಸದ ಸ್ವರೂಪ, ವೇಳೆ, ಸಂಬಳ ಇವೆಲ್ಲವನ್ನೂ ಮನೆಗೆಲಸದವರಿಗೆ ಸುಲಭವಾಗಿ ಅರ್ಥವಾಗುವಂತೆ, ಸಾಧ್ಯವಿದ್ದಲ್ಲಿ ಬರವಣಿಗೆಯಲ್ಲೇ ತಿಳಿಸಬೇಕೆಂದೂ, ವಾರಕ್ಕೆ ಕನಿಷ್ಠ 24 ಗಂಟೆಗಳ ನಿರಂತರ ಬಿಡುವು ಇರಬೇಕೆಂದೂ ಅದರಲ್ಲಿರುವುದು ಗಮನಕ್ಕೆ ಬಂತು. ಆರು ವರ್ಷಗಳಲ್ಲಿ ನಾವು ಇವುಗಳಲ್ಲಿ ಒಂದರ ಬಗ್ಗೆಯೂ ಕುಳಿತು ಮಾತನಾಡಿರಲಿಲ್ಲ.

ಕಳೆದ ಶನಿವಾರ ಅವರನ್ನು ಎದುರಿಗೆ ಕೂರಿಸಿಕೊಂಡು ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದೆವು. ಅವರು ಕುರ್ಚಿಯ ತುದಿಯಲ್ಲೇ ಕುಳಿತಿದ್ದರು. ಕೆಲಸದಿಂದ ತೆಗೆಯಲೆಂದೇ ಕರೆದಿದ್ದಾರೆ ಎಂದುಕೊಂಡಿದ್ದರಂತೆ. ವಾರದ ರಜೆಗೆ ಒಪ್ಪಿದರು. ಆಮೇಲೆ ತಡೆದು ತಡೆದು ಅವರು ಕೇಳಿದ್ದು ಬೇರೆಯೇ: ನೆಂಟರು ಬರುವುದಿದ್ದರೆ ಹಿಂದಿನ ದಿನವೇ ಹೇಳಿದರೆ ಅನುಕೂಲ, ಸಿಂಕಿನಲ್ಲಿ ರಾಶಿ ಬಿದ್ದ ಪಾತ್ರೆಗಳನ್ನು ತೊಳೆದು ಹೊರಡುವಷ್ಟರಲ್ಲಿ ಮುಂದಿನ ಮನೆಗೆ ತಡವಾಗಿ ಅಲ್ಲಿ ಬೈಸಿಕೊಳ್ಳಬೇಕಾಗುತ್ತದೆ ಎಂದರು. ಪ್ರಶ್ನೆ ಕೇಳುವಾಗ ಇದು ನನಗೆ ಹೊಳೆದೇ ಇರಲಿಲ್ಲ.

ನಮ್ಮ ಅತ್ತೆಯವರಿಗೆ ಈ ಹಾಳೆಯ ವ್ಯವಹಾರ ಇನ್ನೂ ಒಗ್ಗಿಲ್ಲ. ಒಂದು ಪ್ರತಿ ಕೆಲಸದವರ ಬಳಿಯಿದೆ, ಇನ್ನೊಂದು ನಮ್ಮ ಫ್ರಿಜ್ಜಿನ ಬಾಗಿಲ ಮೇಲಿದೆ.